ಒಂದೂವರೆ ಇಂಚಿನ ಬಾಯಿ

ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ಹತ್ತು ಅಡಿ ಅಗಲ, ಎಂಟು ಅಡಿ ಎತ್ತರದ ಫ್ಲೆಕ್ಸ್ ಆಗಬೇಕಿತ್ತು. 2011ರ ಜನವರಿ, ರಾತ್ರಿ ಹನ್ನೊಂದು ಕಳೆದಿತ್ತು. ಸಮಿತಿಯ ಅಧ್ಯಕ್ಷರು ನನ್ನ ಬೆನ್ನ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ತಮ್ಮ ಫೋಟೋ ಕಾರ್ಯಾಧ್ಯಕ್ಷರ ಫೋಟೋಕ್ಕಿಂತ ಚಿಕ್ಕದಾಗಿದೆಯೋ ಎಂದು ಕಣ್ಣಲ್ಲೇ ಅಳೆಯುತ್ತಿದ್ದರು. ಫೋಟೋವನ್ನು ಒಂದು ನೂಲಿನಷ್ಟು ಬಲಕ್ಕೆ ಜರುಗಿಸಿದೆ. ಮೌಸಿನ ಬಾಣ ಮರಳುಗಡಿಯಾರವಾಯಿತು, ಗಡಿಯಾರವಾಗಿಯೇ ಉಳಿಯಿತು. ಡಬ್ಬದ ಮುಂದಿನ ಕೆಂಪು ದೀಪ ಮಿನುಗುವುದು ಬಿಟ್ಟು ನಿಂತು ಉರಿಯತೊಡಗಿತು. ಒಳಗೆ ಹಾರ್ಡ್‌ಡಿಸ್ಕು, ಅಟ್ಟದ ಮೇಲೆ ಇಲಿ ಗೋಣಿ ಕೆರೆದ ಹಾಗೆ, ಕರಕರ ಎನ್ನುತ್ತಿತ್ತು.

"ಎಂಥ ಮಾರಾಯ್ರೆ, ಹ್ಯಾಂಗಾ?" ಎಂದರು ಅಧ್ಯಕ್ಷರು.

ವಾಮದಪದವಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಕೆಲಸ. ಅಂಗಡಿ ಎಂದರೆ ಮನೆಯ ಚಾವಡಿಯೇ. ಬೆಳಿಗ್ಗೆ ಅಡಿಕೆ ತೋಟ, ಸಂಜೆಯ ಮೇಲೆ ಮದುವೆ ಕಾಗದ, ಯಕ್ಷಗಾನದ ಕರಪತ್ರ, ಮಕ್ಕಳ ಪ್ರಾಜೆಕ್ಟು. 2009ರಲ್ಲಿ ಬಿ.ಸಿ.ರೋಡಿನಲ್ಲಿ ಜೋಡಿಸಿ ತಂದ ಕಂಪ್ಯೂಟರ್ ಅದು: ಇಂಟೆಲ್ ಪೆಂಟಿಯಂ ಡ್ಯುಯಲ್ ಕೋರ್ ಇ5200, ಜಿ31 ಮದರ್‌ಬೋರ್ಡ್, ಒಂದು ಜಿಬಿ ಡಿಡಿಆರ್2 ರ‍್ಯಾಮ್. ಬರೀ ಕನ್ನಡ ಟೈಪಿಂಗಿಗೆ ಇದೇ ಧಾರಾಳ. ನುಡಿಯೂ ಪೇಜ್‌ಮೇಕರೂ ಇದರ ಕಾಲುಭಾಗ ರ‍್ಯಾಮ್ ಇದ್ದ ಕಂಪ್ಯೂಟರಿನಲ್ಲೂ ಸಲೀಸಾಗಿ ಓಡಿದ್ದನ್ನು ಕಂಡಿದ್ದೇನೆ. ನಮ್ಮದೇ ಜಿಲ್ಲೆಯ ಕಿನ್ನಿಕಂಬಳದ ಕೆ.ಪಿ. ರಾವ್ ಕೊಟ್ಟ ಕೀಲಿಮಣೆ ವಿನ್ಯಾಸಕ್ಕೆ ಬೆರಳು ಚುರುಕಿದ್ದರೆ ಸಾಕು, ರ‍್ಯಾಮ್ ಹೆಚ್ಚು ಬೇಡ. ಕಂಟಕ ಬಂದದ್ದು ಫ್ಲೆಕ್ಸಿನಿಂದ.

ಲೆಕ್ಕ ಹಾಕಿ ನೋಡಿ. ಹತ್ತು ಅಡಿ ಎಂದರೆ 120 ಇಂಚು, ಎಂಟು ಅಡಿ ಎಂದರೆ 96 ಇಂಚು. ಇಂಚಿಗೆ ನೂರು ಚುಕ್ಕಿ ಎಂದಿಟ್ಟುಕೊಂಡರೆ ಹನ್ನೊಂದೂವರೆ ಕೋಟಿ ಚುಕ್ಕಿಗಳಾದವು. ಒಂದೊಂದು ಚುಕ್ಕಿಯ ಬಣ್ಣಕ್ಕೆ ಮೂರು ಬೈಟು. ಬರೀ ಹಿನ್ನೆಲೆಗೇ 345 ಎಂಬಿ ಹೋಯಿತು. ಅದರ ಮೇಲೆ ದೇವರ ಚಿತ್ರ, ಗೋಪುರ, ಮೂವತ್ತೆರಡು ಮಂದಿ ಪದಾಧಿಕಾರಿಗಳು, ಒಬ್ಬೊಬ್ಬರದ್ದೂ ಒಂದೊಂದು ಪದರ. ಒಂದು ಜಿಬಿ ತುಂಬಿ ತುಳುಕಿದಾಗ ವಿಂಡೋಸ್ ಉಳಿದದ್ದನ್ನು ಹಾರ್ಡ್‌ಡಿಸ್ಕಿನಲ್ಲಿ ಗೀಚಿಡುತ್ತದೆ, ಬೇಕಾದಾಗ ಮತ್ತೆ ತೆಗೆಯುತ್ತದೆ. ಇಲಿ ಕೆರೆದದ್ದು ಅದೇ. ಡಿಸ್ಕಿಗೂ ರ‍್ಯಾಮಿಗೂ ವೇಗದಲ್ಲಿ ಅಜಗಜಾಂತರ.

ಬೆಂಗಳೂರಿನಲ್ಲಿರುವ ಅಣ್ಣನ ಮಗ ಎಸ್.ಪಿ. ರೋಡಿನಿಂದ ಎರಡು ಜಿಬಿಯ ಡಿಡಿಆರ್2-800 ತಂದುಕೊಟ್ಟ. ಒಂದು ಜಿಬಿಯದ್ದನ್ನು ತೆಗೆದು ಅದನ್ನು ಹಾಕಿದೆ. ದೀಪ ಮಿನುಗುವುದಕ್ಕೆ ಮರಳಿತು. ಕೆಲಸ ಸುಸೂತ್ರ. ಅಲ್ಲಿಗೇ ನಿಲ್ಲಿಸಬೇಕಿತ್ತು, ನಾನು ನಿಲ್ಲಿಸಲಿಲ್ಲ. ಮರುವರ್ಷ ಅವನೇ ಫೋನಿನಲ್ಲಿ, "ಚಿಕ್ಕಪ್ಪ, ಅಂಥದ್ದೇ ಇನ್ನೊಂದು ಹಾಕಿ. ಡ್ಯುಯಲ್ ಚಾನೆಲ್ ಆಗ್ತದೆ, ಡಬಲ್ ಸ್ಪೀಡ್" ಎಂದ. ಹಾಕಿದೆ. ಅದೇ ಚಿತ್ರ, ಅದೇ ಫಿಲ್ಟರು, ಕೈಗಡಿಯಾರ ಹಿಡಿದು ನಾಲ್ಕು ಸಲ ನೋಡಿದೆ. ಒಂದು ಸೆಕೆಂಡಿನ ವ್ಯತ್ಯಾಸವೂ ಕಾಣಲಿಲ್ಲ. ಸಾಲದ್ದಕ್ಕೆ, ನಾಲ್ಕು ಜಿಬಿ ಹಾಕಿದರೂ ವಿಂಡೋಸ್ ಎಕ್ಸ್‌ಪಿ ತೋರಿಸಿದ್ದು ಮೂರೂಕಾಲು. 32 ಬಿಟ್ಟಿನ ವಿಂಡೋಸಿಗೆ ನಾಲ್ಕು ಜಿಬಿಯಾಚೆ ಎಣಿಸಲು ಬರುವುದಿಲ್ಲ, ಆ ನಾಲ್ಕರಲ್ಲೂ ಒಂದಿಷ್ಟನ್ನು ಬೇರೆ ಬಿಡಿಭಾಗಗಳ ವಿಳಾಸಕ್ಕೆ ಬಿಟ್ಟುಕೊಡಬೇಕು ಎಂಬುದು ಆಮೇಲೆ ತಿಳಿಯಿತು.

ಡಬಲ್ ಸ್ಪೀಡ್ ಎಲ್ಲಿ ಹೋಯಿತು ಎಂಬುದು ಅರ್ಥವಾದದ್ದು ತೋಟದಲ್ಲಿ. ಸ್ಪ್ರಿಂಕ್ಲರಿನ ನೀರು ಕೊನೆಯ ಸಾಲಿಗೆ ಮುಟ್ಟುವುದಿಲ್ಲವೆಂದು ಮೂರು ಎಚ್‌ಪಿ ಪಂಪು ತೆಗೆದು ಐದರದ್ದು ಕೂರಿಸಿದ್ದೆ. ಕೊನೆಯ ಸಾಲಿನ ಜೆಟ್ಟು ಆಗಲೂ ಕುಂಟುತ್ತಲೇ ತಿರುಗಿತು. ಪಂಪಿನವರು ಬಂದು ನೋಡಿ, "ಐದು ಎಚ್‌ಪಿ ಹಾಕಿದ್ದೀರಿ, ಸರಿ. ಮೈನ್ ಪೈಪು ಒಂದೂವರೆ ಇಂಚಿನದ್ದೇ ಉಂಟಲ್ಲ" ಎಂದು ನಕ್ಕರು.

ನನ್ನ ಕಂಪ್ಯೂಟರಿನಲ್ಲಿ ಆ ಒಂದೂವರೆ ಇಂಚಿನ ಪೈಪಿನ ಹೆಸರು ಫ್ರಂಟ್ ಸೈಡ್ ಬಸ್. ರ‍್ಯಾಮಿನಲ್ಲಿದ್ದದ್ದು ಪ್ರೊಸೆಸರಿಗೆ ನೇರವಾಗಿ ಹೋಗುತ್ತಿರಲಿಲ್ಲ. ಮದರ್‌ಬೋರ್ಡಿನ ನಡುವೆ ನಾರ್ತ್‌ಬ್ರಿಡ್ಜ್ ಎಂಬ ಚಿಪ್ಪು, ಅಲ್ಲಿಂದ ಈ ಬಸ್ಸಿನ ಮೂಲಕ ಪ್ರೊಸೆಸರಿಗೆ. ಇ5200ರ ಬಸ್ಸು 800ರದ್ದು: ಸೆಕೆಂಡಿಗೆ 80 ಕೋಟಿ ಸಲ, ಸಲಕ್ಕೆ ಎಂಟು ಬೈಟು. 800ನ್ನು ಎಂಟರಿಂದ ಗುಣಿಸಿದರೆ 6,400 ಎಂಬಿ. ಈಗ ಆ ರ‍್ಯಾಮಿನ ಮೇಲೆ ಅಂಟಿಸಿದ ಚೀಟಿ ನೋಡಿ, ಅಲ್ಲಿ ಪಿಸಿ2-6400 ಎಂದು ಅಚ್ಚಾಗಿದೆ. ಅದೇ ಸಂಖ್ಯೆ! ಅಂದರೆ ಒಂದೇ ಒಂದು ಸ್ಟಿಕ್ಕಿಗೆ ಆ ಪೈಪು ಭರ್ತಿಯಾಗಿತ್ತು. ಎರಡನೆಯದು ಟ್ಯಾಂಕಿಯನ್ನು ದೊಡ್ಡದು ಮಾಡಿತೇ ಹೊರತು ನೀರಿನ ರಭಸ ಹೆಚ್ಚಿಸಲಿಲ್ಲ. ನನ್ನಲ್ಲಿ 1066ರ ಬಸ್ಸಿನ ಕೋರ್ 2 ಡ್ಯುಯೋ ಇದ್ದಿದ್ದರೆ ಪೈಪಿನ ಅಳತೆ 8,500 ಎಂಬಿ; ಆಗ ಎರಡನೆಯ ಸ್ಟಿಕ್ಕಿಗೆ ಸ್ವಲ್ಪವಾದರೂ ಕೆಲಸವಿರುತ್ತಿತ್ತು.

ಆ ಚೀಟಿಯ ಸಂಖ್ಯೆಯನ್ನು ಎಂಟರಿಂದ ಭಾಗಿಸುವುದು ಇಂದಿಗೂ ನನಗೆ ಅಭ್ಯಾಸ. ಪಿಸಿ3-10600 ಎಂದಿದ್ದರೆ ಡಿಡಿಆರ್3-1333, ಪಿಸಿ4-25600 ಎಂದಿದ್ದರೆ ಡಿಡಿಆರ್4-3200. ಅಂಗಡಿಯವರು "ಇದು ಹೈಸ್ಪೀಡ್" ಎಂದು ಹೊಗಳುವಾಗ ನಾನು ಮನಸ್ಸಿನಲ್ಲೇ ಭಾಗಾಕಾರ ಮಾಡುತ್ತಿರುತ್ತೇನೆ.

ಆ ನಡುವಿನ ಚಿಪ್ಪಿನ ಕಾಟ ಈಗಿಲ್ಲ. ರ‍್ಯಾಮನ್ನು ನಡೆಸುವ ಮೆಮೊರಿ ಕಂಟ್ರೋಲರನ್ನು ಎಎಂಡಿ 2003ರಲ್ಲೇ ಪ್ರೊಸೆಸರಿನ ಒಳಗೆ ಸೇರಿಸಿತು. ಇಂಟೆಲ್ ಕೋರ್ ಐ7ರ ಜೊತೆ 2008ರ ಕೊನೆಗೆ ಆ ದಾರಿಗೆ ಬಂತು. ಅಲ್ಲಿಂದ ಮುಂದೆ ಯಾವ ರ‍್ಯಾಮ್ ಆದೀತು, ಎಷ್ಟು ವೇಗದ್ದು ಆದೀತು ಎಂದು ಮೊದಲು ಹೇಳುವುದು ಪ್ರೊಸೆಸರೇ. ಉದಾಹರಣೆಗೆ, ಹಳೆಯ ಸೆಟ್ಟುಗಳಲ್ಲಿ ಈಗಲೂ ಧಾರಾಳ ಸಿಗುವ ಕೋರ್ ಐ5-2400 ಎಂಬುದು ಡಿಡಿಆರ್3-1333ರವರೆಗೆ ಮಾತ್ರ ಒಪ್ಪುತ್ತದೆ. 1600ರದ್ದು ಹಾಕಿದರೆ ಹಾಳಾಗುವುದಿಲ್ಲ, 1333ರಲ್ಲೇ ಓಡುತ್ತದೆ. ಹೆಚ್ಚು ಕೊಟ್ಟ ದುಡ್ಡು ತೋಡಿಗೆ. ಆದರೆ 2015ರಲ್ಲಿ ಬಂದ ಆರನೆಯ ಪೀಳಿಗೆಯವುಗಳಲ್ಲಿ ಜಾಗ್ರತೆ ಬೇಕು. ಅವು ಡಿಡಿಆರ್4 ಇಲ್ಲವೇ 1.35 ವೋಲ್ಟಿನ ಡಿಡಿಆರ್3ಎಲ್ ಕೇಳುತ್ತವೆ. ಹಳೆಯ 1.5 ವೋಲ್ಟಿನ ಡಿಡಿಆರ್3 ಅದೇ ಕಂಡಿಯಲ್ಲಿ ಕೂತುಕೊಳ್ಳುತ್ತದೆ, ಓಡಲೂಬಹುದು. ದಿನ ಕಳೆದಂತೆ ಪ್ರೊಸೆಸರಿಗೇ ಪೆಟ್ಟು.

ನಡುವೆ 2016ರಲ್ಲಿ ಇನ್ನೊಮ್ಮೆ ಮೋಸಹೋದೆ. ಆನ್‌ಲೈನಿನಲ್ಲಿ ನಾಲ್ಕು ಜಿಬಿಯ ಒಂಟಿ ಡಿಡಿಆರ್2 ಸ್ಟಿಕ್ಕು ನಂಬಲಾಗದಷ್ಟು ಅಗ್ಗಕ್ಕೆ ಕಂಡಿತು, ತರಿಸಿದೆ. ಕಂಪ್ಯೂಟರ್ ಪರದೆಯೇ ತೋರಿಸದೆ ಉದ್ದುದ್ದ ಬೀಪ್ ಹೊಡೆಯಿತು. ಚೀಟಿಯ ಮೂಲೆಯಲ್ಲಿ, ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ, ಎಎಂಡಿಗೆ ಮಾತ್ರ ಎಂದಿತ್ತು. ಅದರ ಚಿಪ್ಪುಗಳ ಒಳಗಿನ ಸಾಲು-ಕಂಬಗಳ ಜೋಡಣೆಯೇ ಬೇರೆ. ಎಎಂಡಿಯ ಕಂಟ್ರೋಲರ್ ಅದನ್ನು ಓದುತ್ತದೆ, ನನ್ನ ಜಿ31ಗೆ ಅದು ಬರುವುದಿಲ್ಲ. ಬಂದಿದ್ದರೂ ಪ್ರಯೋಜನವಿರಲಿಲ್ಲ. ಆ ಬೋರ್ಡಿನ ಮಿತಿಯೇ ಒಟ್ಟು ನಾಲ್ಕು ಜಿಬಿ, ಕಂಡಿಗೆ ಎರಡೆರಡರಂತೆ.

ಹೀಗೆ ನಾಲ್ಕು ಕಡೆ ಎಡವಿದವನೆಂಬ ಕಾರಣಕ್ಕೇ ಇರಬೇಕು, ಈಗ ಊರಿನಲ್ಲಿ ಯಾರ ಕಂಪ್ಯೂಟರಿಗೆ ರ‍್ಯಾಮ್ ಹಾಕುವುದಿದ್ದರೂ ನನ್ನ ಚಾವಡಿಗೆ ಬರುತ್ತಾರೆ. ಕಳೆದ ಜೂನಿನಲ್ಲಿ, ಮಳೆ ಹನಿ ಕಡಿಯದ ಒಂದು ಸಂಜೆ, ಪಕ್ಕದ ಮನೆಯ ಹುಡುಗ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಸಿಪಿಯು ಹೊತ್ತು ತಂದ. ಮೂಡುಬಿದಿರೆಯಲ್ಲಿ ಇಂಜಿನಿಯರಿಂಗ್ ಓದುವವ.

"ಮಾವ, ಇದು ಕೂತುಕೊಳ್ಳುವುದೇ ಇಲ್ಲ."

"ಒತ್ತಿದೆಯಾ?"

"ಸುಮಾರು ಒತ್ತಿದೆ."

ಸುಮಾರು ಎಂಬ ಮಾತು ಕೇಳಿ ನನ್ನ ಮಂಡೆ ಬಿಸಿಯಾಯಿತು. ಕರೆಂಟಿನ ವಯರು ಕಳಚಿ, ಡಬ್ಬದ ಲೋಹದ ಚೌಕಟ್ಟು ಒಮ್ಮೆ ಮುಟ್ಟಿ (ಮೈಯ ಸ್ಥಿರ ವಿದ್ಯುತ್ತು ಇಳಿಯಲಿ ಎಂದು), ಟಾರ್ಚ್ ಬಿಟ್ಟು ನೋಡಿದೆ. ಪುಣ್ಯಕ್ಕೆ ಕಂಡಿ ಒಡೆದಿರಲಿಲ್ಲ. ಅವನದ್ದು ಕೋರ್ ಐ3-12100, 2022ರಲ್ಲಿ ಬಂದದ್ದು, ಹನ್ನೆರಡನೆಯ ಪೀಳಿಗೆಯದ್ದು. ಪ್ರೊಸೆಸರಿನ ವಿವರದಲ್ಲಿ ಡಿಡಿಆರ್5-4800ರವರೆಗೆ, ಡಿಡಿಆರ್4-3200ರವರೆಗೆ ಎಂದು ಎರಡೂ ಬರೆದಿದೆ. ಹುಡುಗ ಅದನ್ನು ಓದಿದ್ದ. ಓದಿದ್ದು ಸರಿಯೇ. ಎರಡರಲ್ಲಿ ಹೊಸತು ಒಳ್ಳೆಯದೆಂದು ಎಂಟು ಜಿಬಿಯ ಡಿಡಿಆರ್5 ತಂದಿದ್ದ. ಆದರೆ ಅವನ ಎಚ್610 ಮದರ್‌ಬೋರ್ಡು ಡಿಡಿಆರ್4ರ ಕಂಡಿಯದ್ದು. ಅದೇ ಎಚ್610 ಹೆಸರಿನಲ್ಲಿ ಡಿಡಿಆರ್5ರ ಬೋರ್ಡೂ ಸಿಗುತ್ತದೆ, ಗೊಂದಲವಾಗದೆ ಇರುತ್ತದೆಯೇ? ಪ್ರೊಸೆಸರ್ ಎರಡಕ್ಕೂ ಹೂಂ ಎನ್ನುತ್ತದೆ, ಬೋರ್ಡು ಒಂದಕ್ಕೇ.

ಅವನ ಹಳೆಯ ಸ್ಟಿಕ್ಕನ್ನೂ ಹೊಸದನ್ನೂ ಊಟದ ಮೇಜಿನ ಮೇಲೆ ಒಂದರ ಪಕ್ಕ ಒಂದಿಟ್ಟೆ. ಉದ್ದ ಒಂದೇ, ಹದಿಮೂರು ಸೆಂಟಿಮೀಟರಿಗೆ ಚೂರು ಹೆಚ್ಚು. ಚಿನ್ನದ ಹಲ್ಲುಗಳೂ ಅಷ್ಟೇ, ಎರಡಕ್ಕೂ 288. ಎತ್ತಿ ಬೆಳಕಿಗೆ ಹಿಡಿದು ಒಂದರ ಮೇಲೊಂದು ಜೋಡಿಸಿದರೆ ಮಾತ್ರ ಗೊತ್ತಾಗುತ್ತದೆ: ಹಲ್ಲಿನ ಸಾಲಿನಲ್ಲಿರುವ ಸಣ್ಣ ಕಚ್ಚು ಡಿಡಿಆರ್5ರಲ್ಲಿ ನಡುವಿಗೆ ಇನ್ನಷ್ಟು ಹತ್ತಿರ. ಕೆಲವೇ ಮಿಲಿಮೀಟರು. ಆ ಕಚ್ಚು ಇಟ್ಟಿರುವುದೇ ತಪ್ಪಿ ಹಾಕಬಾರದೆಂದು. ಡಿಡಿಆರ್4 ಕುಡಿಯುವುದು 1.2 ವೋಲ್ಟು, ಅದನ್ನು ಹದ ಮಾಡುವುದು ಬೋರ್ಡು. ಡಿಡಿಆರ್5ರದ್ದು 1.1 ವೋಲ್ಟು, ಹದ ಮಾಡುವ ಚಿಪ್ಪು ಸ್ಟಿಕ್ಕಿನ ಮೈಮೇಲೇ ಕೂತಿದೆ. ಹುಡುಗ ಎರಡನ್ನೂ ಕೈಯಲ್ಲಿ ತಿರುಗಿಸಿ ನೋಡಿ, "ಇದು ಮೊದಲೇ ನೋಡಬೇಕಿತ್ತು" ಎಂದ. ಅಂಗಡಿಯವರು ಲಕೋಟೆ ಹರಿದದ್ದನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಮರುವಾರ ಡಿಡಿಆರ್4-3200ರ ಎಂಟು ಜಿಬಿ ತಂದ. ಇದ್ದದ್ದು 2666ರದ್ದು, ಹಾಗಾಗಿ ಎರಡೂ 2666ಕ್ಕೇ ಇಳಿದು ಓಡಿದವು. ಗಾಡಿಗೆ ಕಟ್ಟಿದ ಎತ್ತುಗಳಲ್ಲಿ ನಿಧಾನದ್ದರ ನಡಿಗೆಯೇ ಗಾಡಿಯ ನಡಿಗೆ. ಆದರೂ ಈ ಸಲ ಜೋಡಿಯ ಫಲ ಕಣ್ಣಿಗೆ ಕಂಡಿತು. ಅವನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡಿಲ್ಲ. ಚಿತ್ರ ಬಿಡಿಸುವ ಭಾಗವೂ ಪ್ರೊಸೆಸರಿನ ಒಳಗೇ ಇದ್ದು ರ‍್ಯಾಮಿನಿಂದಲೇ ಪಾಲು ಎತ್ತುತ್ತದೆ. ನಡುವೆ ಒಂದೂವರೆ ಇಂಚಿನ ಬಾಯಿ ಇಲ್ಲದ್ದರಿಂದ ಎರಡು ಚಾನೆಲಿನ ನೀರೂ ನೇರ ಬಂದು ಬೀಳುತ್ತದೆ. ಅವನ ಆಟ ತಡೆತಡೆದು ಓಡುವುದು ನಿಂತಿತು. ಓದಿನ ಕಥೆ ನನಗೆ ಗೊತ್ತಿಲ್ಲ.

ರಾತ್ರಿ ಅವನದ್ದೇ ಫೋನು. "ಮಾವ, ಸಿಪಿಯು-ಜಿ ನೋಡಿದರೆ 1333 ಅಂತ ತೋರಿಸ್ತದೆ. ಅರ್ಧ ಎಲ್ಲಿ ಹೋಯ್ತು?" ಎಲ್ಲೂ ಹೋಗಿಲ್ಲ. ಆ ತಂತ್ರಾಂಶ ಹೇಳುವುದು ಬಡಿತದ ಲೆಕ್ಕ; ಡಿಡಿಆರ್ ಒಂದು ಬಡಿತಕ್ಕೆ ಎರಡು ಸಲ ಸಾಗಿಸುತ್ತದೆ. ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ 2666 ಎಂದೇ ಕಾಣುತ್ತದೆ. ಈ ಅರ್ಧದ ಗಾಬರಿಗೆ ಬಿದ್ದು ಅಂಗಡಿಯವರೊಡನೆ ಜಗಳಾಡಿದವರನ್ನೂ ಕಂಡಿದ್ದೇನೆ.

ನಮ್ಮ ಕಡೆ ಮಾತ್ರ ಬೇಕಾಗುವ ಇನ್ನೊಂದು ವಿದ್ಯೆ ಉಂಟು. ಆಟಿ ತಿಂಗಳಿನಲ್ಲಿ ಬಟ್ಟೆ ಒಣಗದ ತೇವಕ್ಕೆ ರ‍್ಯಾಮಿನ ಹಲ್ಲುಗಳೂ ಮಂಕಾಗುತ್ತವೆ. ಕಂಪ್ಯೂಟರ್ ಬೀಪ್ ಎಂದು ನಿಂತರೆ ಹೊಸತು ತರಲು ಓಡಬೇಡಿ. ಸ್ಟಿಕ್ಕು ತೆಗೆದು, ಮಕ್ಕಳು ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಹಲ್ಲುಗಳನ್ನು ಮೆಲ್ಲ ಉಜ್ಜಿ, ಪುಡಿ ಊದಿ, ಎರಡು ಕಡೆ ಟಕ್ ಎನ್ನುವ ಹಾಗೆ ಮತ್ತೆ ಕೂರಿಸಿ. ನನ್ನ ಹತ್ತಿರ ಬರುವ ರ‍್ಯಾಮ್ ರೋಗಿಗಳಲ್ಲಿ ಅರ್ಧಕ್ಕರ್ಧ ರಬ್ಬರಿನಿಂದಲೇ ಗುಣವಾಗುತ್ತಾರೆ. ಒಮ್ಮೆ ಕಂಡಿಯ ಒಳಗೆ ಹಲ್ಲಿಮೊಟ್ಟೆ ಸಿಕ್ಕಿತ್ತು.

ಈಗೀಗ ಬರುವವರು ಕೇಳುವುದು ಬೇರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು, ಹೊಸ ರ‍್ಯಾಮ್ ಹಾಕಿದರೆ ಹನ್ನೊಂದು ಬರ್ತದಾ ಎಂದು. ಬರುವುದಿಲ್ಲ. ಅದಕ್ಕೆ ರ‍್ಯಾಮ್ ನಾಲ್ಕೇ ಜಿಬಿ ಸಾಕು, ಆದರೆ ಇಂಟೆಲ್ ಆದರೆ ಎಂಟನೆಯ ಪೀಳಿಗೆಯಿಂದ ಈಚಿನದ್ದೇ ಆಗಬೇಕು. ಹಳೆಯ ಐ5 ಇದ್ದವರಿಗೆ ನಾನು ಹೇಳುವುದು ಇಷ್ಟು: ಎಂಟು ಜಿಬಿ ಈಗಾಗಲೇ ಉಂಟಾದರೆ ರ‍್ಯಾಮಿಗೆ ದುಡ್ಡು ಹಾಕಬೇಡಿ, ಒಂದು ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಮಿಂಟ್ ಕೂರಿಸೋಣ. ನಾಲ್ಕೇ ಇದ್ದರೆ ಯಾರದಾದರೂ ಸತ್ತ ಕಂಪ್ಯೂಟರಿನಿಂದ ಅದೇ ಜಾತಿಯ ಇನ್ನೊಂದು ನಾಲ್ಕು ಹುಡುಕೋಣ.

ಹೊಸದಕ್ಕೆ ದರವೂ ಹಾಗೇ ಆಗಿದೆ. ಎಐ ಕೆಲಸಕ್ಕೆ ದೊಡ್ಡ ದೊಡ್ಡ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪನ್ನು ಬಾಚಿಕೊಳ್ಳತೊಡಗಿದ ಮೇಲೆ 2025ರ ಕೊನೆಗೆ ರ‍್ಯಾಮಿನ ಬೆಲೆ ದುಪ್ಪಟ್ಟು ದಾಟಿತು. ನಮ್ಮಂಥವರಿಗೆ ಕ್ರೂಷಿಯಲ್ ಹೆಸರಿನಲ್ಲಿ ರ‍್ಯಾಮ್ ಮಾರುತ್ತಿದ್ದ ಮೈಕ್ರಾನ್ ಕಂಪೆನಿ ಆ ಡಿಸೆಂಬರಿನಲ್ಲಿ ಆ ವ್ಯಾಪಾರವನ್ನೇ ಮುಚ್ಚುವುದಾಗಿ ಹೇಳಿತು. ಈ ಸುದ್ದಿ ಓದಿದ ದಿನ ಹುಡುಗನ ಆ ಡಿಡಿಆರ್5 ನೆನಪಾಯಿತು. ಅದಿನ್ನೂ ನನ್ನ ಮೇಜಿನ ಖಾನೆಯಲ್ಲೇ ಇತ್ತು. ಕರೆದು ಹೇಳಿದೆ, "ಈಗ ಮಾರಿದರೆ ಕೊಟ್ಟದ್ದಕ್ಕಿಂತ ಹೆಚ್ಚು ಬಂದೀತು."

ಒಳಗಿನಿಂದ ಅವನ ಅಜ್ಜ ಕೇಳಿಸಿಕೊಂಡರು. ಮೂರು ವರ್ಷದ ಚಾಲಿ ಅಡಿಕೆಯನ್ನು ಅಟ್ಟದಲ್ಲಿಟ್ಟು ದರ ನೋಡುತ್ತಿರುವವರು. "ಅವಸರ ಎಂಥದ್ದು? ಇನ್ನೂ ಸ್ವಲ್ಪ ಏರಲಿ" ಎಂದರು. ಸ್ಟಿಕ್ಕು ಖಾನೆಯಲ್ಲೇ ಉಂಟು.