250ಕ್ಕೆ 250 ಕೂಡಿದರೆ ಯಾವಾಗಲೂ 500 ಅಲ್ಲ

ಒಂಬತ್ತನೇ ತರಗತಿಗೆ ಸಂತುಲಿತ ಬಲಗಳ ಪಾಠ ಮಾಡುವಾಗ, ಮೈದಾನದ ಕಬ್ಬಿಣದ ಸರಳಿಗೆ ನೇತಾಡುವ ಹುಡುಗನ ಉದಾಹರಣೆ ಕೊಟ್ಟೆ. ರಾಶಿ 50 ಕಿಲೋಗ್ರಾಂ, ಅಂದರೆ ತೂಕ ಸುಮಾರು 500 ನ್ಯೂಟನ್. ಒಂದೊಂದು ಕೈ 250 ನ್ಯೂಟನ್ ಬಲದಿಂದ ಮೇಲಕ್ಕೆ ಎಳೆಯುತ್ತದೆ, ಕೂಡಿದರೆ 500 ಎಂದು ಕರಿಹಲಗೆಯಲ್ಲಿ ಬರೆದೆ. ಹಿಂದಿನ ಬೆಂಚಿನ ಹುಡುಗ ಎದ್ದು, “ಮಿಸ್, ಕೈ ಅಗಲಿಸಿ ನೇತಾಡಿದ್ರೆ ಬೇಗ ಸೋಲುತ್ತೆ. ತೂಕ ಅಷ್ಟೇ ಇರುತ್ತಲ್ಲ?” ಎಂದ. ಹಿಡಿತ ಜಾರುತ್ತದೆ, ಅದಕ್ಕೇ ಇರಬೇಕು ಎಂದು ಹೇಳಿ ಮುಂದೆ ಹೋದೆ. ಪಾಠ ವೀಕ್ಷಿಸುತ್ತಿದ್ದ ಉಪನ್ಯಾಸಕರು ನನ್ನ ಪುಸ್ತಕದಲ್ಲಿ ಆ ಹುಡುಗನ ಪ್ರಶ್ನೆಯನ್ನಷ್ಟೇ ಬರೆದು ಅಡಿಗೆರೆ ಎಳೆದಿದ್ದರು.

ಮರುದಿನ ಎರಡು ಸ್ಪ್ರಿಂಗ್ ತ್ರಾಸು, ದಾರ, ಅರ್ಧ ಕಿಲೋ ತೂಕದ ಕಲ್ಲು ಒಯ್ದೆ. ಇಬ್ಬರು ಮಕ್ಕಳು ತ್ರಾಸುಗಳನ್ನು ಅಕ್ಕಪಕ್ಕ ನೇರವಾಗಿ ಹಿಡಿದಾಗ ಒಂದೊಂದೂ ಸುಮಾರು 2.5 ನ್ಯೂಟನ್ ತೋರಿಸಿತು. ದೂರ ಸರಿದಂತೆ ಎರಡರ ಮುಳ್ಳೂ ಇಳಿಯುತ್ತ ಹೋದವು. ದಾರಗಳ ನಡುವಿನ ಕೋನ 120 ಡಿಗ್ರಿ ಆದಾಗ ಒಂದೊಂದರಲ್ಲೂ ಹೆಚ್ಚುಕಡಿಮೆ 5! ದಾರವನ್ನು ಪೂರ್ತಿ ಅಡ್ಡಕ್ಕೆ ತರಲು ಹುಡುಗರು ಜಗ್ಗಾಡಿದರು, ಆಗಲಿಲ್ಲ. ಆಗುವುದೂ ಇಲ್ಲ, ಅಡ್ಡ ಎಳೆತದಲ್ಲಿ ಕಲ್ಲನ್ನು ಮೇಲೆತ್ತುವ ಪಾಲೇ ಇರುವುದಿಲ್ಲ.

ಈ ತರಗತಿಗೆ ಸದಿಶಗಳ ಸಂಕಲನ ಇಲ್ಲವಾದ್ದರಿಂದ ಸೂತ್ರ ಹೇಳಲಿಲ್ಲ. 100 ನ್ಯೂಟನ್‌ಗೆ 1 ಸೆಂಟಿಮೀಟರ್ ಎಂದಿಟ್ಟುಕೊಂಡು, 120 ಡಿಗ್ರಿ ಕೋನದಲ್ಲಿ 5 ಸೆಂಟಿಮೀಟರಿನ ಎರಡು ಗೆರೆ ಎಳೆಸಿ, ಸಮಾಂತರ ಚತುರ್ಭುಜ ಪೂರ್ಣಗೊಳಿಸಿ, ಕರ್ಣ ಅಳೆಯಲು ಹೇಳಿದೆ. ಅದೂ 5 ಸೆಂಟಿಮೀಟರ್. ಎಂದರೆ 500 ನ್ಯೂಟನ್ ತೂಕ ಹೊರಲು ಒಂದೊಂದು ತೋಳೂ 500 ನ್ಯೂಟನ್ ಎಳೆಯಬೇಕು. ಪಕ್ಕಕ್ಕೆ ಎಳೆಯುವ ಪಾಲುಗಳು ಒಂದನ್ನೊಂದು ರದ್ದು ಮಾಡುತ್ತವೆ, ಆದರೆ ಆ ಎಳೆತವನ್ನು ತೋಳು ತಾಳಿಕೊಳ್ಳಲೇಬೇಕು. ತೋಳನ್ನು ಹಗ್ಗದಂತೆ ಭಾವಿಸಿ ಮಾಡಿದ ಲೆಕ್ಕ ಇದು; ನಿಜವಾದ ಭುಜದಲ್ಲಿ ಸ್ನಾಯುಗಳು ಇನ್ನೂ ಬೇರೆ ಕೆಲಸ ಮಾಡುತ್ತವೆ.

ಇದೇ ಚಿತ್ರವನ್ನು ಮಂಡಿಗೆ ಒಯ್ದಾಗ ತರಗತಿ ಚುರುಕಾಯಿತು. ಮಂಡಿಚಿಪ್ಪನ್ನು ತೊಡೆಯ ಮುಂಭಾಗದ ಸ್ನಾಯು ಮೇಲಕ್ಕೆ ಎಳೆಯುತ್ತದೆ, ಚಿಪ್ಪಿನ ಕೆಳಗಿನ ಪಟ್ಟಿ ಕೆಳಗಾಲಿನ ಮೂಳೆಯ ಕಡೆಗೆ ಎಳೆಯುತ್ತದೆ. ಕಾಲು ನೀಡಿದಾಗ ಇವು ಬಹುತೇಕ ಎದುರುಬದುರು, ಫಲಿತ ಬಲ ಕಡಿಮೆ. ಮಡಚಿದಂತೆ ಎರಡರ ನಡುವಿನ ಕೋನ ಕಿರಿದಾಗಿ ಫಲಿತ ಬಲ ಹೆಚ್ಚುತ್ತದೆ, ಅದು ಚಿಪ್ಪನ್ನು ತೊಡೆಮೂಳೆಗೆ ಒತ್ತುತ್ತದೆ. ಎರಡೂ ಎಳೆತ ಸಮ ಎಂದುಕೊಂಡರೆ, 90 ಡಿಗ್ರಿಯಲ್ಲಿ ಒತ್ತುವ ಬಲ ಒಂದು ಎಳೆತದ ಸುಮಾರು 1.4 ಪಟ್ಟು. ನೇತಾಡುವವನಿಗೆ ಕೋನ ಹಿಗ್ಗಿದರೆ ಕಷ್ಟ, ಮಂಡಿಗೆ ಕುಗ್ಗಿದರೆ ಕಷ್ಟ; ಈ ತಿರುವುಮುರುವು ಮಕ್ಕಳನ್ನು ಸ್ವಲ್ಪ ಗೊಂದಲಗೊಳಿಸಿತು, ಎರಡೂ ಚಿತ್ರಗಳನ್ನು ಅಕ್ಕಪಕ್ಕ ಬರೆಯಬೇಕಿತ್ತು.

ಎಲ್ಲರೂ ನೆಲದ ಮೇಲೆ ಕಾಲು ಸಡಿಲವಾಗಿ ನೀಡಿ ಕೂತು ಮಂಡಿಚಿಪ್ಪನ್ನು ಬೆರಳಿನಿಂದ ಅಲುಗಿಸಿದರು, ಅಲುಗಿತು. ಮಡಚಿ ನೋಡಿದರು, ಕದಲಲಿಲ್ಲ. “ಅದಕ್ಕೇ ನಮ್ಮಜ್ಜಿಗೆ ಮೆಟ್ಟಿಲು ಇಳಿಯೋವಾಗ ನೋವು” ಎಂದಳು ಒಬ್ಬಳು. ನೋವಿಗೆ ಬೇರೆ ಕಾರಣಗಳೂ ಇರಬಹುದು, ಆದರೆ ಒತ್ತಡ ಹೆಚ್ಚುವುದು ನಿಜ ಎಂದೆ. ಹಿಂದಿನ ಬೆಂಚಿನವನು ಆಗಲೇ 150 ಡಿಗ್ರಿಗೆ ಗೆರೆ ಎಳೆಯುತ್ತಿದ್ದ.