ಕಂತಿನಲ್ಲಿ ಬರುವ ಮಹಾಕಾವ್ಯ

ಇಂದಿನ ವಿದ್ಯಾರ್ಥಿಗಳಿಗೆ ದೀರ್ಘಕಾವ್ಯವನ್ನು ಓದುವ ತಾಳ್ಮೆಯಿಲ್ಲವೆಂಬ ಮಾತು ಅಧ್ಯಾಪಕರ ಕೊಠಡಿಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಕುಮಾರವ್ಯಾಸನ ಒಂದು ಸಂಧಿಯನ್ನು ಪಠ್ಯವಾಗಿಟ್ಟರೆ ಅದರ ಸಾರಾಂಶವೆಲ್ಲಿ ಸಿಗುತ್ತದೆಂದು ಕೇಳುವವರೇ ಹೆಚ್ಚು ಎಂಬುದೂ ಸುಳ್ಳಲ್ಲ. ಆದರೆ ಇದೇ ತರುಣರು ಸಾವಿರಾರು ಪುಟಗಳಿಗೆ ಹಬ್ಬಿದ ಒಂದು ಅದ್ಭುತ ಕಥೆಯನ್ನು, ವಾರಕ್ಕೊಂದೋ ಎರಡೋ ಪುಟದಂತೆ, ವರ್ಷಗಟ್ಟಲೆ ಕಾದು ಓದುತ್ತಾರೆ. ಹಾಗಾದರೆ ತಾಳ್ಮೆ ಇಲ್ಲವೆನ್ನುವುದು ಹೇಗೆ? ಅದು ಬೇರೆ ಕಡೆಗೆ ಹೋಗಿದೆ ಎನ್ನಬೇಕು. ಅಂತರ್ಜಾಲದಲ್ಲಿ ಹರಿದುಬರುವ ಸ್ವತಂತ್ರ ಪ್ರಕಟಣೆಯ ಚಿತ್ರಕಥೆಗಳ ಕಡೆಗೆ.

ಲಾಲ್‌ಬಾಗಿನ ನೆರೆಯ ಸಿದ್ದಾಪುರದಲ್ಲಿ ನಾನಿರುವುದು. ಅಲ್ಲಿಂದಲೇ ನಮ್ಮ ಕಾಲೇಜಿಗೆ ಬರುವ ಐಚ್ಛಿಕ ಕನ್ನಡದ ವಿದ್ಯಾರ್ಥಿನಿಯೊಬ್ಬಳು ಕಳೆದ ವರ್ಷ ಸಂಪ್ರಬಂಧಕ್ಕೆ ವಿಷಯ ಸೂಚಿಸುವಾಗ, “ಸರ್, ಚಿತ್ರದಲ್ಲಿ ಹೇಳಿದ ಕಥೆಯನ್ನು ಮಹಾಕಾವ್ಯದ ಲಕ್ಷಣಗಳಿಟ್ಟು ನೋಡಬಹುದೆ?” ಎಂದು ಕೇಳಿದಳು. ಅವಳು ಹೆಸರಿಸಿದ ಕೃತಿ ಅಮೆರಿಕದ ‘ಎಲ್ಫ್‌ಕ್ವೆಸ್ಟ್’. ವಿಭಾಗದ ಹಿರಿಯರು ನಕ್ಕರು. ಮಕ್ಕಳ ಬೊಂಬೆ ಪುಸ್ತಕಕ್ಕೆ ಅಲಂಕಾರಶಾಸ್ತ್ರವೇತಕ್ಕೆ ಎಂದರು. ಹುಡುಗಿ ಮಾತ್ರ ನಗಲಿಲ್ಲ. ಹನ್ನೆರಡನೆಯ ವಯಸ್ಸಿನಿಂದ ತಾನು ಓದಿಕೊಂಡು ಬಂದ ಒಂದೇ ಒಂದು ದೊಡ್ಡ ಕಥೆಗೆ ತರಗತಿಯಲ್ಲಿ ಜಾಗವಿಲ್ಲವೆಂದರೆ, ತರಗತಿಯ ಕಾವ್ಯಕ್ಕೂ ತನ್ನ ಓದಿಗೂ ಸಂಬಂಧವಿಲ್ಲವೆಂದೇ ಅರ್ಥವಲ್ಲವೆ ಎಂದಳು. ಮೊದಲು ಓದಿ ಆಮೇಲೆ ಹೇಳುತ್ತೇನೆಂದೆ. ಓದಲು ಆರು ವಾರ ಹಿಡಿಯಿತು. ಒಪ್ಪಿಗೆ ಕೊಟ್ಟೆ. ಏಕೆ ಕೊಟ್ಟೆನೆಂಬುದನ್ನು ಹೇಳುವುದು ಈ ಲೇಖನದ ಉದ್ದೇಶ.

ಕಥೆಯನ್ನು ಸ್ಥೂಲವಾಗಿ ಹೇಳಬಹುದು. ನಮ್ಮ ಕಿನ್ನರ ಗಂಧರ್ವರ ದೂರದ ನೆಂಟರಂತಿರುವ ಎಲ್ಫರ ಒಂದು ಪುಟ್ಟ ಬಣ. ತೋಳಗಳ ಮೇಲೆ ಸವಾರಿ ಮಾಡುವವರು, ತೋಳದ ರಕ್ತವನ್ನೇ ಮೈಯಲ್ಲಿ ಪಡೆದವರು. ಆ ರಕ್ತದ ಕಾರಣದಿಂದ ಅವರಿಗೆ ಮರಣವುಂಟು. ಅವರ ಕುಲದ ಉಳಿದವರಿಗೆ ಇಲ್ಲ. ಮನುಷ್ಯರು ಅವರ ಕಾಡಿಗೆ ಬೆಂಕಿ ಹಚ್ಚುತ್ತಾರೆ. ನಾಯಕ ಕಟ್ಟರ್ ತನ್ನವರನ್ನು ಕರೆದುಕೊಂಡು ಮರುಭೂಮಿಯನ್ನು ದಾಟುತ್ತಾನೆ. ಅಲ್ಲಿ ಇನ್ನೊಂದು ಎಲ್ಫ್ ಜನವನ್ನು, ಅವರಲ್ಲಿ ಲೀಟಾ ಎಂಬ ವೈದ್ಯೆಯನ್ನು ಕಾಣುತ್ತಾನೆ. ತಮ್ಮಂಥವರು ಬೇರೆಯೂ ಇರಬಹುದೆಂಬ ಊಹೆಯಿಂದ ದೀರ್ಘ ಪಯಣ ಆರಂಭವಾಗುತ್ತದೆ. ಕಾಂಡವದಹನವನ್ನೂ ವನವಾಸವನ್ನೂ ಬಲ್ಲ ನಮಗೆ ಇದು ತೀರ ಅಪರಿಚಿತವೆನಿಸದು. ಆದರೆ ಕಾಂಡವವನ್ನು ನಾವು ಸುಟ್ಟವರ ಕಡೆಯಿಂದ ಕೇಳಿದ್ದೇವೆ, ಇಲ್ಲಿ ಸುಡಲ್ಪಟ್ಟವರ ಕಡೆಯಿಂದ ನೋಡುತ್ತೇವೆ. ಮರಣವುಳ್ಳ ಗಂಡೂ ಮರಣವಿಲ್ಲದ ಹೆಣ್ಣೂ ಕೂಡಿ ಬಾಳಬೇಕಾದ ಸ್ಥಿತಿಯಂತೂ ಯಾವ ಕಾವ್ಯಕ್ಕೂ ಕಡಮೆಯ ವಸ್ತುವಲ್ಲ.

ಈ ಕೃತಿಯ ಪ್ರಕಟಣೆಯ ಚರಿತ್ರೆಯೇ ಒಂದು ಪ್ರಸಂಗ. 1978ರ ಆರಂಭದಲ್ಲಿ ವೆಂಡಿ ಪೀನಿ ಮತ್ತು ಅವರ ಪತಿ ರಿಚರ್ಡ್ ಪೀನಿ ಇದರ ಮೊದಲ ಭಾಗವನ್ನು ಬೇರೊಬ್ಬರ ಪತ್ರಿಕೆಯಲ್ಲಿ ಅಚ್ಚು ಮಾಡಿಸಿದರು. ಮುದ್ರಣ ಅವರಿಗೆ ಹಿಡಿಸಲಿಲ್ಲ. ಅದೇ ವರ್ಷ ತಮ್ಮದೇ ಪ್ರಕಾಶನವನ್ನು ಕಟ್ಟಿ ಮುಂದಿನ ಕಂತುಗಳನ್ನು ತಾವೇ ಹೊರತಂದರು. ಚಿತ್ರ ವೆಂಡಿಯವರದು, ಕಥೆ ಇಬ್ಬರದು, ವ್ಯವಹಾರ ರಿಚರ್ಡರದು. 1984ರಲ್ಲಿ ಮೊದಲ ಪಯಣ ಮುಗಿಯಿತು. 2008ರಲ್ಲಿ ಹಳೆಯ ಸಂಚಿಕೆಗಳನ್ನೆಲ್ಲ ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಡಲು ಹೊರಟರು. ಸಿದ್ದಾಪುರದ ಹುಡುಗಿಗೆ ಇದು ದೊರೆತದ್ದು ಹಾಗೆ.

ಚಿತ್ರದಲ್ಲಿ ಕಥೆ ಹೇಳುವುದು ನಮಗೇನೂ ಹೊಸತಲ್ಲ. ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಹೋಗಿ ನೋಡಬೇಕು. ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ದೇವಾಲಯವದು. ಅದರ ಮುಖಮಂಟಪದ ಹೊರಗೋಡೆಯ ಮೇಲೆ 140 ಫಲಕಗಳಿವೆ. ದಕ್ಷಿಣದ ಗೋಡೆಯಲ್ಲಿ 70 ಫಲಕಗಳ ರಾಮಾಯಣ; ಉತ್ತರದಲ್ಲಿ 25 ಫಲಕಗಳಲ್ಲಿ ಕೃಷ್ಣನ ಕಥೆ, 45ರಲ್ಲಿ ಭಾರತ. ವಿಶೇಷವೇನೆಂದರೆ, ರಾಮಾಯಣವು ಅಪ್ರದಕ್ಷಿಣವಾಗಿ ಸಾಗುತ್ತದೆ, ಉಳಿದ ಎರಡೂ ಪ್ರದಕ್ಷಿಣವಾಗಿ. ಕ್ರಮ ತಿಳಿಯದೆ ಹೊರಟವನಿಗೆ ಕಥೆ ತಲೆಕೆಳಗಾಗುತ್ತದೆ. ಎಂಟುನೂರು ವರ್ಷಗಳ ಹಿಂದೆಯೇ ಒಂದು ಚೌಕಟ್ಟಿನಿಂದ ಮುಂದಿನ ಚೌಕಟ್ಟಿಗೆ ಹೆಜ್ಜೆಯಿಟ್ಟು, ಅಕ್ಷರಶಃ ಹೆಜ್ಜೆಯಿಟ್ಟು, ಓದುವ ಅಭ್ಯಾಸ ನಮ್ಮಲ್ಲಿತ್ತು.

ಎರಡು ಫಲಕಗಳ ನಡುವಿನ ಆ ಕಲ್ಲಿನ ಗೆರೆಯಲ್ಲಿಯೇ ಈ ಕಲೆಯ ಗುಟ್ಟಿದೆಯೆಂದು ನನ್ನ ಎಣಿಕೆ. ಗಮಕದಲ್ಲಿ ಕಾಲವನ್ನು ನಡೆಸುವವನು ಗಮಕಿ. ಭೀಮನ ಮುಖ ಹೇಗಿತ್ತೆಂಬುದನ್ನು ಕೇಳುವವನು ಕಲ್ಪಿಸಿಕೊಳ್ಳುತ್ತಾನೆ. ಚಿತ್ರಕಥೆಯಲ್ಲಿ ಮುಖ ಸಿದ್ಧವಾಗಿದೆ. ಕಾಲವನ್ನು ಓದುಗನೇ ನಡೆಸಬೇಕು. ಎತ್ತಿದ ಕತ್ತಿ ಒಂದು ಚೌಕದಲ್ಲಿ, ಬಿದ್ದ ದೇಹ ಮುಂದಿನ ಚೌಕದಲ್ಲಿ. ಕಡಿದದ್ದು ಓದುಗನ ಮನಸ್ಸಿನಲ್ಲಿ. ವಾಚ್ಯವಲ್ಲದುದನ್ನು ಸಹೃದಯನು ಪೂರೈಸಿಕೊಳ್ಳುವ ಈ ಕ್ರಿಯೆಗೆ ನಮ್ಮ ಆಲಂಕಾರಿಕರು ಹೆಸರಿಟ್ಟು ಸಾವಿರ ವರ್ಷ ದಾಟಿತು. ಅದು ಕಂತಿನಲ್ಲಿ ಬಂದರಂತೂ ಎರಡು ಚೌಕಗಳ ನಡುವೆ ಒಂದು ವಾರವೇ ಇರುತ್ತದೆ. ಮಳೆಗಾಗಿ ವಿರಾಟಪರ್ವವನ್ನು ಓದಿಸುತ್ತಿದ್ದ ಹಳ್ಳಿಗಳಲ್ಲಿ ಜನ ಇಂದು ಕೇಳಿದ್ದನ್ನು ನಾಳೆಯವರೆಗೆ ಹೊತ್ತು ತಿರುಗುತ್ತಿದ್ದ ಹಾಗೆಯೇ ಇದೂ.

ಹಾಗಾದರೆ ‘ಸ್ವತಂತ್ರ’ ಎಂಬ ವಿಶೇಷಣಕ್ಕೆ ಬೆಲೆಯೇನು? ನಮ್ಮ ಪೀಳಿಗೆ ಚಿತ್ರಕಥೆಯನ್ನು ಅರಿತದ್ದು ಕಾರ್ಕಳದ ಅನಂತ ಪೈಯವರು ಬೆಳೆಸಿದ ‘ಅಮರ ಚಿತ್ರಕಥೆ’ಯಿಂದ. ಆ ಮಾಲೆ 1965ರಲ್ಲಿ ಬೆಂಗಳೂರಿನಲ್ಲಿ, ಕನ್ನಡದಲ್ಲಿಯೇ ಕಣ್ತೆರೆಯಿತು. ಮೊದಲ ಹತ್ತು ಸಂಚಿಕೆಗಳು ಪಾಶ್ಚಾತ್ಯ ಅದ್ಭುತ ಕಥೆಗಳು, ‘ಕೃಷ್ಣ’ ಹನ್ನೊಂದನೆಯದು. ಅದರ ಉಪಕಾರವನ್ನು ಮರೆಯಲಾರೆ. ಆದರೆ ಅಲ್ಲಿ ಸಂಚಿಕೆಗೊಂದು ಕೈ, ಮೂವತ್ತೆರಡು ಪುಟದ ಮಿತಿ. ರೂಪವನ್ನು ನಿರ್ಣಯಿಸುವುದು ಸಂಸ್ಥೆ. ಕಾವ್ಯಪ್ರಪಂಚಕ್ಕೆ ಕವಿಯೇ ಪ್ರಜಾಪತಿಯೆಂದ ಆನಂದವರ್ಧನನ ಮಾತಿಗೆ ಅಲ್ಲಿ ಅವಕಾಶ ಕಡಮೆ. ಪೀನಿ ದಂಪತಿಗಳ ಲೋಕದಲ್ಲಿ ಪ್ರತಿಯೊಂದು ಎಲೆಯೂ ಒಂದೇ ಕೈಯ ಗೆರೆ. ತೊಂಬತ್ತರ ದಶಕದಲ್ಲಿ ಬೇರೆ ಬೇರೆ ಕಲಾವಿದರನ್ನು ಸೇರಿಸಿ ಅನೇಕ ಉಪಮಾಲೆಗಳನ್ನು ತಂದರು. ಸತ್ಯ ಹೇಳಬೇಕೆಂದರೆ, ಆ ಭಾಗವನ್ನು ನಾನು ಹಾಳೆ ಮಗುಚಿ ದಾಟಿದೆ. ಪಾತ್ರಗಳು ಅವೇ, ಉಸಿರು ಬೇರೆ. ಕೊನೆಯ ಪಯಣಕ್ಕೆ ವೆಂಡಿಯವರೇ ಮತ್ತೆ ಲೇಖನಿ ಹಿಡಿದರು. ಅದನ್ನು ಬೇರೊಂದು ಪ್ರಕಾಶನ ಅಚ್ಚು ಹಾಕಿದರೂ ಕಲ್ಪನೆಯ ಒಡೆತನ ಇವರದೇ ಆಗಿತ್ತು. 2018ರ ಫೆಬ್ರವರಿಯಲ್ಲಿ, ಆರಂಭವಾದ ನಲವತ್ತು ವರ್ಷಕ್ಕೆ, ಅದು ಮುಗಿಯಿತು. ಮೊದಲ ಕಂತನ್ನು ಹದಿನೈದರಲ್ಲಿ ಓದಿದವನಿಗೆ ಆಗ ಐವತ್ತೈದು.

ಇಂಥ ಕೃತಿಗೆ ಅನ್ನ ಎಲ್ಲಿಂದ? ಓದುಗರಿಂದಲೇ. 2003ರಿಂದ ಅಂತರ್ಜಾಲದಲ್ಲಿ ಬರುತ್ತಿರುವ ರಿಚ್ ಬರ್ಲ್ಯೂ ಅವರ ‘ಆರ್ಡರ್ ಆಫ್ ದ ಸ್ಟಿಕ್’ನ ಪಾತ್ರಗಳಿಗೆ ಕಡ್ಡಿಯಂಥ ಕೈಕಾಲು, ಆದರೂ ಅದರ ಹಳೆಯ ಪುಸ್ತಕಗಳ ಮರುಮುದ್ರಣಕ್ಕೆ 2012ರಲ್ಲಿ 14,952 ಮಂದಿ ಸೇರಿ 12,54,120 ಡಾಲರು ಕೊಟ್ಟರು. ಕಥೆಯನ್ನು ಪುಕ್ಕಟೆಯಾಗಿ ಓದಬಹುದಾಗಿದ್ದರೂ ಕೊಟ್ಟರು! ಧಾರವಾಡದ ಮನೋಹರ ಗ್ರಂಥಮಾಲೆ 1933ರಿಂದ ಚಂದಾದಾರರನ್ನು ನಂಬಿ ನಡೆದದ್ದನ್ನು ಬಲ್ಲ ಕನ್ನಡಿಗರಿಗೆ ಈ ಏರ್ಪಾಡು ಅರ್ಥವಾಗದಿರದು.

ಕನ್ನಡದಲ್ಲಿ ಇಂಥದನ್ನು ಬರೆಯಹೊರಟವರಿಗೆ ಎದುರಾಗುವ ಕಷ್ಟ ಹಣದ್ದೊಂದೇ ಅಲ್ಲ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಣಿತದ ಚಿಹ್ನೆಗಳು ಮೇಲಕ್ಕೆ ಏರುತ್ತವೆ. ಇಂಗ್ಲಿಷಿನ ಮೂರು ಸಾಲು ಹಿಡಿಯುವ ಮಾತಿನ ಗುಳ್ಳೆಯಲ್ಲಿ ಕನ್ನಡದ ಎರಡು ಸಾಲು ಹಿಡಿಸುವುದೂ ಪ್ರಯಾಸ. ಅದರಲ್ಲಿಯೂ ಪುರಾಣದ ಪಾತ್ರವೆಂದೊಡನೆ ನಾವು ಉದ್ದುದ್ದ ಸಮಾಸಗಳನ್ನು ಅದರ ಬಾಯಿಗೆ ತುರುಕುತ್ತೇವೆ. ಚಿತ್ರ ಬರೆಯುವ ತರುಣರು ಸಭಾಪರ್ವದಲ್ಲಿ ಕುಮಾರವ್ಯಾಸನ ದ್ರೌಪದಿ ಕೇಳುವ ಪ್ರಶ್ನೆಗಳನ್ನು ಒಮ್ಮೆ ಎಣಿಸಿ ನೋಡಲಿ. ಎಷ್ಟು ಪದಗಳಲ್ಲಿ ಕೇಳುತ್ತಾಳೆ, ಉತ್ತರವಾಗಿ ಸಭೆ ಎಷ್ಟು ಹೊತ್ತು ಸುಮ್ಮನಿರುತ್ತದೆ! ಆ ಮೌನಕ್ಕೆ ಒಂದು ಇಡೀ ಪುಟವನ್ನು ಬಿಡಬೇಕು.