ಕಂತು ತೆತ್ತರೂ ಅಸಲೇಕೆ ಕರಗದು?

ಪ್ರಶ್ನೆ: ತಿಂಗಳು ತಪ್ಪದೆ ಕಂತು ಕಟ್ಟುತ್ತಿದ್ದರೂ ಸಾಲದ ಅಸಲು ಇಳಿಯದಿರುವುದೇಕೆ? ಅಲ್ಪಸ್ವಲ್ಪ ಹೆಚ್ಚಿನ ಸಂಪಾದನೆಯಿಂದ ಪ್ರಯೋಜನವುಂಟೆ?

ಉತ್ತರ: ಕಂತಿನ ಹಣವು ಮೊದಲು ಬಡ್ಡಿಗೆ ಸಂದು, ಶೇಷವಷ್ಟೇ ಅಸಲಿಗೆ ಸಲ್ಲುವುದೆಂಬ ಕ್ರಮವೇ ಇದಕ್ಕೆ ಕಾರಣ. ಗೃಹಸ್ಥನೊಬ್ಬನಿಗೆ ತಿಂಗಳಿಗೆ ಶೇಕಡ 3ರಂತೆ ಬಡ್ಡಿ ಬೆಳೆಯುವ 1,00,000 ರೂಪಾಯಿಗಳ ಕ್ರೆಡಿಟ್ ಕಾರ್ಡ್ ಸಾಲವಿದ್ದು, ಹೊಸ ಸಾಲವನ್ನು ಮಾಡದೆ ಅವನು ಮಾಸಂಪ್ರತಿ 3,500 ರೂಪಾಯಿ ತೆರುವನೆಂದು ಭಾವಿಸೋಣ; ಮೊದಲ ತಿಂಗಳು 3,000 ಬಡ್ಡಿಗೇ ಹೋಗಿ, ಅಸಲಿನಲ್ಲಿ ಕೇವಲ 500 ಇಳಿಯುವುದರಿಂದ, ಋಣಮುಕ್ತಿಗೆ 66 ತಿಂಗಳು ಹಿಡಿದು, ತೆತ್ತ ಮೊತ್ತವು ಸುಮಾರು 2,30,000 ಆಗುವುದು. ಅವನೇ ಆಯವ್ಯಯದ ಪಟ್ಟಿಯನ್ನು ತಿಂಗಳ ಆದಿಯಲ್ಲಿಯೇ ಬರೆದಿಟ್ಟು, ಅನಾವಶ್ಯಕ ವೆಚ್ಚದಿಂದ 1,000ವನ್ನೂ, ಸಂಜೆಯ ಪಾಠದಿಂದಲೋ ಹೊಲಿಗೆಯಿಂದಲೋ 1,500ವನ್ನೂ ಕೂಡಿಸಿ 6,000 ತೆತ್ತನಾದರೆ, 24 ತಿಂಗಳಲ್ಲಿ ಸಾಲ ಹರಿದು, ಸುಮಾರು 90,000 ರೂಪಾಯಿ ಉಳಿಯುವುದು. ಹೆಚ್ಚುವರಿ ತೆತ್ತ ಪ್ರತಿಯೊಂದು ರೂಪಾಯಿಯೂ ನೇರವಾಗಿ ಅಸಲನ್ನೇ ಕರಗಿಸುವುದಷ್ಟೆ.

ಅಧಿಕ ಸಂಪಾದನೆಯಿಂದ ಋಣ ತೀರಿಸಿದವರಲ್ಲಿ ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಪ್ರಸಿದ್ಧನು: 1894ರಲ್ಲಿ ತನ್ನ ಪ್ರಕಾಶನ ಸಂಸ್ಥೆ ದಿವಾಳಿಯಾಗಲು, ಮರುವರ್ಷ ಉಪನ್ಯಾಸಯಾತ್ರೆಗೆ ಹೊರಟು, 1896ರಲ್ಲಿ ಭಾರತವನ್ನೂ ಸಂಚರಿಸಿ, 1898ರ ವೇಳೆಗೆ ಸಾಲಿಗರಿಗೆಲ್ಲ ಪೂರ್ಣವಾಗಿ ಸಲ್ಲಿಸಿದನು.

ಸಾಲಗಳು ಹಲವಿದ್ದಲ್ಲಿ, ಎಲ್ಲಕ್ಕೂ ಕನಿಷ್ಠ ಕಂತನ್ನು ತೆತ್ತು, ಮಿಕ್ಕುದನ್ನು ಅತ್ಯಧಿಕ ಬಡ್ಡಿಯ ಸಾಲಕ್ಕೆ ಸಲ್ಲಿಸುವುದೇ ಲಾಭಕರ. ಹೆಚ್ಚಿನ ಸಂಪಾದನೆಯನ್ನು ಕೈಸೇರಿದ ದಿನವೇ ಸಾಲಕ್ಕೆ ಕಟ್ಟತಕ್ಕದ್ದು, ತಡೆದರೆ ಅದು ಮನೆವೆಚ್ಚದಲ್ಲಿ ಲೀನವಾಗುವುದು.